ಹಬೆಯ ಡಬ್ಬ ಮಂಚದ ಮೇಲೆ ಬೇಡ

ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಮನೆಯ ಮಕ್ಕಳ ಮೂಗು ಸೋರಲು ಶುರು. ಕಪಾಟಿನ ಮೇಲಿಂದ ಹಬೆ ಹಿಡಿಯುವ ಯಂತ್ರ ಕೆಳಗಿಳಿಯುತ್ತದೆ. ಸ್ಟೀಮರ್ ಎನ್ನಿ, ವೇಪರೈಸರ್ ಎನ್ನಿ, ಔಷಧಿ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ಡಬ್ಬ. ಅದರ ಬಗ್ಗೆ ಬರೆಯಲು ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ, ತಂಗಿಯ ಮಗನ ತೊಡೆ ಸುಡುವವರೆಗೆ.

ರಾತ್ರಿ ಮಗುವಿಗೆ ಕೆಮ್ಮು. ತಂಗಿ ಡಬ್ಬವನ್ನು ಮಂಚದ ಮೇಲಿಟ್ಟು, ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹಬೆ ಕೊಡುತ್ತಿದ್ದಳು. ಅವಳ ದುಪಟ್ಟಾದ ಅಂಚು ವಯರಿಗೆ ಸಿಕ್ಕಿಕೊಂಡಿತು. ಎದ್ದಳು, ಡಬ್ಬ ಉರುಳಿತು. ಅತ್ತೆ ಗಾಬರಿಯಲ್ಲಿ ಟೂತ್‌ಪೇಸ್ಟ್ ತಂದು ಹಚ್ಚಿದರು. ಆಸ್ಪತ್ರೆಯಲ್ಲಿ ಅದನ್ನು ತೊಳೆದು ತೆಗೆಯುವಾಗ ಮಗು ಕಿರುಚಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

60 ಡಿಗ್ರಿ ಬಿಸಿಯ ನೀರು ದೊಡ್ಡವರ ಚರ್ಮವನ್ನೇ ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಕ್ಕಳ ಚರ್ಮ ಇನ್ನೂ ತೆಳು. ಡಬ್ಬದೊಳಗಿನ ನೀರಾದರೋ ಕುದಿಯುತ್ತಿರುತ್ತದೆ. 2020ರಲ್ಲಿ ಕೊರೊನಾಕ್ಕೆ ಹಬೆಯೇ ಮದ್ದು ಎಂಬ ಮಾತು ಎಲ್ಲೆಡೆ ಹಬ್ಬಿತ್ತಲ್ಲ, ಆಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಗೆ ಹಬೆ ಹಿಡಿಯಲು ಹೋಗಿ ಸುಟ್ಟುಕೊಂಡ ಮಕ್ಕಳು ಬರುವುದು ಬಹಳ ಹೆಚ್ಚಿತೆಂದು ಅಲ್ಲಿನ ವೈದ್ಯರೇ ಬರೆದರು. ಹಬೆಯಿಂದ ವೈರಸ್ ಸಾಯುವುದಿಲ್ಲ. ಕಟ್ಟಿದ ಮೂಗು ಸ್ವಲ್ಪ ಹೊತ್ತು ಬಿಟ್ಟಂತೆ ಅನಿಸುತ್ತದೆ, ಅಷ್ಟೆ. ಆದ್ದರಿಂದ ಸಣ್ಣ ಮಕ್ಕಳಿಗೆ ಹಬೆ ಬೇಡವೇ ಬೇಡ. ವೈದ್ಯರನ್ನು ಕೇಳಿ ಉಪ್ಪುನೀರಿನ ಮೂಗಿನ ಹನಿ ಹಾಕಿ. ಉಸಿರು ಜೋರಾಗಿದ್ದರೆ, ಎದೆ ಒಳಕ್ಕೆ ಎಳೆಯುತ್ತಿದ್ದರೆ ಹಬೆ ಹಿಡಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ದೊಡ್ಡವರು ಹಿಡಿಯುವುದಾದರೆ ಡಬ್ಬವನ್ನು ಗಟ್ಟಿ ಮೇಜಿನ ಮೇಲೆ, ಅಂಚಿನಿಂದ ಒಳಕ್ಕೆ ಇಡಿ. ವಯರು ನಡೆದಾಡುವ ಕಡೆ ಬರಬಾರದು, ಮಕ್ಕಳ ಕೈಗೂ ಎಟುಕಬಾರದು. ದುಪಟ್ಟಾ, ಶಾಲು ಹಿಂದಕ್ಕೆ ಕಟ್ಟಿಕೊಳ್ಳಿ. ಮುಖ ಡಬ್ಬದಿಂದ ಒಂದು ಅಡಿಯಾದರೂ ದೂರವಿರಲಿ.

ಡಬ್ಬದಲ್ಲಿಯೂ ಎರಡು ಬಗೆ. ಕೆಲವದರಲ್ಲಿ ತಳದ ತಟ್ಟೆ ಕಾಯುತ್ತದೆ. ಇದನ್ನು ನೀರಿಲ್ಲದೆ ಹಚ್ಚಿದರೆ ಸುಟ್ಟುಹೋಗುತ್ತದೆ. ಇನ್ನು ಕೆಲವದರಲ್ಲಿ ಎರಡು ಲೋಹದ ಕಡ್ಡಿಗಳಿದ್ದು ವಿದ್ಯುತ್ತು ನೀರಿನ ಮೂಲಕವೇ ಹರಿಯುತ್ತದೆ. ಇದರ ಪ್ಲಗ್ ಕಿತ್ತ ನಂತರವೇ ನೀರು ಮುಟ್ಟಬೇಕು, ನೀರು ಹಾಕಬೇಕು. ಸ್ವಿಚ್ ಆರಿಸಿದ್ದೇನೆ ಎಂಬ ಧೈರ್ಯ ಸಾಲದು. ಹಬೆ ನಿಧಾನವೆಂದು ಉಪ್ಪು ಸುರಿಯುವವರಿದ್ದಾರೆ. ಜೊತೆಗೆ ಬಂದ ಚೀಟಿಯಲ್ಲಿ ಹಾಕಲು ಹೇಳಿದ್ದರೆ ಒಂದು ಚಿಟಿಕೆ ಸಾಕು. ಹೆಚ್ಚಾದರೆ ನೀರು ಉಕ್ಕಿ ಹೊರಚೆಲ್ಲುತ್ತದೆ, ಫ್ಯೂಸೂ ಹೋಗಬಹುದು. ಮುಲಾಮು, ಕರ್ಪೂರ ನೀರಿಗೆ ಹಾಕಬೇಡಿ. ಕರ್ಪೂರವಂತೂ ಮಗುವಿನ ಬಾಯಿಗೆ ಹೋದರೆ ಫಿಟ್ಸ್ ಬರುವಷ್ಟು ವಿಷ.

ಬಳಸಿದ ಮೇಲೆ ಪ್ಲಗ್ ಕಿತ್ತು, ಪೂರ್ತಿ ಆರಿದ ನಂತರ ನೀರು ಚೆಲ್ಲಿ ಒಣಗಿಸಿ. ನಿಂತ ನೀರಿನಲ್ಲಿ ಲೋಳೆ ಕಟ್ಟುತ್ತದೆ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಒಳಗೆ ಬಿಳಿ ಪೊರೆ ಕೂರುತ್ತದೆ. ವಿನೆಗರ್ ಅಥವಾ ಲಿಂಬೆರಸ ಬೆರೆಸಿದ ನೀರನ್ನು ಅರ್ಧ ಗಂಟೆ ನಿಲ್ಲಿಸಿ ಮೆತ್ತಗೆ ಉಜ್ಜಿ, ಚೆನ್ನಾಗಿ ತೊಳೆಯಿರಿ. ಚಾಕುವಿನಿಂದ ಕೆರೆಯಬೇಡಿ. ವಯರು ಬಿರಿದಿದ್ದರೆ ಟೇಪು ಸುತ್ತುವ ಉಳಿತಾಯ ಬೇಡ, ಎಸೆದುಬಿಡಿ.

ಸುಟ್ಟೇಬಿಟ್ಟರೆ? ಮೊದಲು ನಲ್ಲಿಯ ತಣ್ಣೀರು, 20 ನಿಮಿಷ, ಗಡಿಯಾರ ನೋಡಿಕೊಂಡು. ಒದ್ದೆ ಬಟ್ಟೆ, ಬಳೆ, ಗೆಜ್ಜೆ ತೆಗೆಯಿರಿ. ಚರ್ಮಕ್ಕೆ ಅಂಟಿದ್ದನ್ನು ಮಾತ್ರ ಎಳೆಯಬೇಡಿ. ಮಂಜುಗಡ್ಡೆ, ಶಾಯಿ, ಬೆಣ್ಣೆ, ಪೇಸ್ಟ್ ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ ವೈದ್ಯರ ಬಳಿ ಹೋಗಿ.

ತಂಗಿಯ ಮಗ ಈಗ ಶಾಲೆಗೆ ಹೋಗುತ್ತಾನೆ. ಗುರುತು ಉಳಿದಿದೆ. ಅತ್ತೆ ಅವನಿಗೆ ಸ್ನಾನ ಮಾಡಿಸುವಾಗ ಇಂದಿಗೂ ಆ ಕಾಲನ್ನು ಕೊನೆಗೆ ತೊಳೆಯುತ್ತಾರಂತೆ, ಮೆತ್ತಗೆ.