ಪರದೆ ಏಕೆ ಬೆಳಗಲಿಲ್ಲ?

ಈ ವಾರದ ಅಂಚೆಯಲ್ಲಿ ದಾವಣಗೆರೆಯ ಸೋದರಿಯೊಬ್ಬರ ಪತ್ರ ಬಂದಿದೆ. ಅದರ ಸಾರಾಂಶವಿಷ್ಟು: ಅವರ ಮಗ ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ. ಸಂಜೆಯ ವೇಳೆ ನೆರೆಹೊರೆಯ ಮಕ್ಕಳಿಗೆ ಗಣಿತದ ಪಾಠ ಹೇಳಿ, ಎರಡು ವರ್ಷಗಳಲ್ಲಿ ಒಂದಿಷ್ಟು ಹಣ ಕೂಡಿಸಿದ್ದಾನೆ. ಆ ಹಣದಿಂದ, ಆಟಗಳನ್ನಾಡಲು ಯೋಗ್ಯವಾದ ಕಂಪ್ಯೂಟರೊಂದನ್ನು ಬಿಡಿ ಭಾಗಗಳಿಂದ ತಾನೇ ಜೋಡಿಸಬೇಕೆಂಬುದು ಅವನ ಹಂಬಲ. ‘ಸಿದ್ಧವಾದದ್ದನ್ನೇ ಕೊಂಡರಾಗದೆ?’ ಎಂದರು ತಂದೆ. ಹುಡುಗ ಒಪ್ಪಲಿಲ್ಲ. ರೈಜನ್ ೫ ೫೬೦೦ ಎಂಬ ಪ್ರೊಸೆಸರು, ಬಿ ೪೫೦ ವರ್ಗದ ಮದರ್‌ಬೋರ್ಡು, ಎಂಟೆಂಟು ಜಿ.ಬಿ.ಯ ಎರಡು ರ್‍ಯಾಮ್, ಇವಿಷ್ಟನ್ನು ತಂದು, ಮನೆಯಲ್ಲಿದ್ದ ಹಳೆಯ ಕ್ಯಾಬಿನೆಟ್ಟಿನಲ್ಲಿ ಕೂರಿಸಿದ. ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ತಿಂಗಳ ಪಾಠದ ಹಣ ಬಂದ ಮೇಲೆ ಕೊಳ್ಳುವುದೆಂದು ಮುಂದೂಡಿದ. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹೊತ್ತಿಕೊಳ್ಳುತ್ತದೆ. ಪರದೆ ಮಾತ್ರ ಕಪ್ಪು.

‘ಅವರ ತಂದೆ ಒಂದು ಮಾತನ್ನೂ ಆಡಲಿಲ್ಲ. ಅದೇ ಅವನನ್ನು ಹೆಚ್ಚು ನೋಯಿಸಿದೆ. ನಾಲ್ಕು ದಿನಗಳಿಂದ ಸರಿಯಾಗಿ ಊಟ ಮಾಡಿಲ್ಲ. ನನ್ನ ಮಗ ದಡ್ಡನೆ? ಹಣವೆಲ್ಲ ನೀರುಪಾಲಾಯಿತೆ?’ ಎಂದು ಆ ತಾಯಿ ಕೇಳಿದ್ದಾರೆ.

ಎರಡಕ್ಕೂ ನನ್ನ ಉತ್ತರ ಒಂದೇ: ಇಲ್ಲ, ಸೋದರಿ. ನೀವು ಬರೆದ ವಿವರಗಳನ್ನು ನೋಡಿದರೆ, ಯಾವ ಭಾಗವೂ ಕೆಟ್ಟಿರಲಾರದೆಂದೇ ತೋರುತ್ತದೆ. ಕೆಲವು ಪ್ರೊಸೆಸರುಗಳಲ್ಲಿ ಚಿತ್ರವನ್ನು ಪರದೆಗೆ ಕಳುಹಿಸುವ ಸಾಮರ್ಥ್ಯ ಒಳಗೇ ಅಡಕವಾಗಿರುತ್ತದೆ, ಕೆಲವಕ್ಕೆ ಇರುವುದಿಲ್ಲ. ನಿಮ್ಮ ಮಗ ಕೊಂಡ ೫೬೦೦ಕ್ಕೆ ಅದಿಲ್ಲ. ಅದರ ಬಂಧುವಾದ ೫೬೦೦ಜಿ ಎಂಬುದಕ್ಕುಂಟು. ಇಂಟೆಲ್ ಕಂಪನಿಯ ಪ್ರೊಸೆಸರುಗಳಲ್ಲಿಯೂ ಹೀಗೆಯೇ: ೧೨೧೦೦ ಎಂಬುದಕ್ಕೆ ಆ ಶಕ್ತಿಯಿದೆ, ೧೨೧೦೦ಎಫ್ ಎಂಬುದಕ್ಕಿಲ್ಲ. ಹೆಸರಿನ ಕೊನೆಯ ಒಂದಕ್ಷರದಲ್ಲಿ ಇಷ್ಟು ಅರ್ಥ ಅಡಗಿದೆ! ಮದರ್‌ಬೋರ್ಡಿನ ಹಿಂಬದಿಯಲ್ಲಿ ಮಾನಿಟರಿನ ತಂತಿ ಸಿಕ್ಕಿಸುವ ಜಾಗವಿದ್ದರೂ, ಇಂತಹ ಪ್ರೊಸೆಸರಿದ್ದಾಗ ಅದು ಬತ್ತಿಯಿಲ್ಲದ ಹಣತೆಯಂತೆ. ಗ್ರಾಫಿಕ್ಸ್ ಕಾರ್ಡು ಬರುವವರೆಗೆ ಪರದೆ ಬೆಳಗುವಂತಿಲ್ಲ.

ಆದ್ದರಿಂದ ಮೊದಲು ಮಾಡತಕ್ಕದ್ದೇನೆಂದರೆ, ಸ್ನೇಹಿತರಿಂದ ಯಾವುದಾದರೊಂದು ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಒಂದು ದಿನದ ಮಟ್ಟಿಗೆ ಎರವಲು ತರಲಿ. ಮಾನಿಟರಿನ ತಂತಿಯನ್ನು ಆ ಕಾರ್ಡಿಗೇ ಸಿಕ್ಕಿಸಲಿ. ಪರದೆ ಬೆಳಗಿದರೆ ಚಿಂತೆ ತೀರಿತು.

ಬೆಳಗದಿದ್ದರೆ ಎರಡನೆಯ ಕಾರಣವನ್ನು ಶಂಕಿಸಬೇಕು. ಬಿ ೪೫೦ ಮದರ್‌ಬೋರ್ಡುಗಳು ಮಾರುಕಟ್ಟೆಗೆ ಬಂದದ್ದು ೨೦೧೮ರಲ್ಲಿ. ೫೬೦೦ ಬಂದದ್ದು ೨೦೨೨ರಲ್ಲಿ. ಎರಡರ ಸಾಕೆಟ್ಟೂ ಎ.ಎಂ. ೪ ಎಂಬ ಒಂದೇ ಮಾದರಿಯದಾದುದರಿಂದ ಪ್ರೊಸೆಸರು ಅಲ್ಲಿ ಸರಿಯಾಗಿಯೇ ಕೂರುತ್ತದೆ. ಆದರೆ ಮದರ್‌ಬೋರ್ಡಿನೊಳಗೆ ಬಯೋಸ್ ಎಂಬ ಮೂಲ ತಂತ್ರಾಂಶವೊಂದಿದೆ. ಅದು ಹಳೆಯದಾಗಿದ್ದರೆ, ತನ್ನ ಕಾಲಾನಂತರ ಹುಟ್ಟಿದ ಪ್ರೊಸೆಸರಿನ ಗುರುತೇ ಅದಕ್ಕೆ ಸಿಕ್ಕದು. ಇದಕ್ಕೆ ಪರಿಹಾರ ಬಯೋಸನ್ನು ಹೊಸದು ಮಾಡುವುದು. ಕೆಲವು ಬೋರ್ಡುಗಳಲ್ಲಿ ಪೆನ್‌ಡ್ರೈವ್ ಸಿಕ್ಕಿಸಿ ಒಂದು ಗುಂಡಿ ಒತ್ತಿದರೆ ಈ ಕೆಲಸ ಆಗಿಬಿಡುತ್ತದೆ. ಆ ಸೌಕರ್ಯವಿಲ್ಲದಿದ್ದರೆ, ಹಳೆಯ ಪ್ರೊಸೆಸರೊಂದನ್ನು ತಾತ್ಕಾಲಿಕವಾಗಿ ಕೂರಿಸಿ ಅಂಗಡಿಯವರು ಮಾಡಿಕೊಡುತ್ತಾರೆ. ಒಂದೇ ಎಚ್ಚರಿಕೆ: ನಡುವೆ ಕರೆಂಟು ಹೋಗಬಾರದು.

ಇನ್ನು, ಇದೇ ಹಾದಿಯಲ್ಲಿ ಹೊರಟಿರುವ ಇತರ ಮನೆಗಳವರಿಗಾಗಿ ಕೆಲವು ಮಾತು. ಬಿಡಿ ಭಾಗಗಳನ್ನು ಆರಿಸುವುದೆಂದರೆ ಜಾತಕ ಕೂಡಿಸಿದಂತೆ. ವಧುವೂ ಒಳ್ಳೆಯವಳು, ವರನೂ ಒಳ್ಳೆಯವನು ಎಂದರೆ ಸಾಲದು, ಪರಸ್ಪರ ಹೊಂದಬೇಕು. ಮೊದಲನೆಯದು ಸಾಕೆಟ್. ೨೦೨೨ರಿಂದ ಈಚೆಗೆ ರೈಜನ್ ೭೦೦೦ ಮಾಲೆಯವು ಎ.ಎಂ. ೫ ಸಾಕೆಟ್ಟಿನವು, ಅವು ಎ.ಎಂ. ೪ ಬೋರ್ಡಿನಲ್ಲಿ ಕೂರಲಾರವು. ಎರಡನೆಯದು ರ್‍ಯಾಮ್. ಡಿ.ಡಿ.ಆರ್. ೪, ಡಿ.ಡಿ.ಆರ್. ೫ ಎಂಬ ಎರಡು ಬಗೆಗಳಲ್ಲಿಯೂ ೨೮೮ ಪಿನ್ನುಗಳೇ. ಆದರೆ ನಡುವಿನ ಕಚ್ಚಿನ ಸ್ಥಾನ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಹೋಗದು. ಬಲವಂತ ಮಾಡಿದರೆ ಮುರಿದೀತು. ಹದಿನಾರು ಜಿ.ಬಿ.ಯ ಒಂದಕ್ಕಿಂತ ಎಂಟೆಂಟರ ಎರಡು ಆಟಕ್ಕೆ ಮೇಲು. ಎರಡು ಹಾದಿಗಳಲ್ಲಿ ಒಟ್ಟಿಗೆ ಕೆಲಸ ನಡೆಯುತ್ತದೆ. ಈ ವಿಷಯದಲ್ಲಿ ನಿಮ್ಮ ಹುಡುಗ ಜಾಣತನವನ್ನೇ ತೋರಿದ್ದಾನೆ.

ಮೂರನೆಯದು ಅಳತೆ. ಪೂರ್ಣ ಗಾತ್ರದ ಮದರ್‌ಬೋರ್ಡು ೩೦೫ ಮಿಲಿಮೀಟರು ಉದ್ದ, ೨೪೪ ಅಗಲ. ಕಿರಿಯ ಗಾತ್ರದ್ದು ಸಾಮಾನ್ಯವಾಗಿ ೨೪೪ಕ್ಕೆ ೨೪೪. ಕ್ಯಾಬಿನೆಟ್ಟು ಯಾವುದಕ್ಕೆ ಎಡೆಕೊಡುತ್ತದೆಂದು ನೋಡಬೇಕು. ಗ್ರಾಫಿಕ್ಸ್ ಕಾರ್ಡಿನ ಉದ್ದವನ್ನೂ ಟೇಪು ಹಿಡಿದು ತಾಳೆ ನೋಡಬೇಕು.

ನಾಲ್ಕನೆಯದನ್ನು ಒತ್ತಿ ಹೇಳುತ್ತೇನೆ: ಎಸ್.ಎಂ.ಪಿ.ಎಸ್. ಎಂದರೆ ವಿದ್ಯುತ್ ಪೂರೈಸುವ ಪೆಟ್ಟಿಗೆ. ಹಣ ಉಳಿಸುವವರು ಮೊದಲು ಕೈಯಿಡುವುದು ಇಲ್ಲಿಯೇ, ಇಡಬಾರದ್ದೂ ಇಲ್ಲಿಯೇ. ನಿಮ್ಮ ಮಗನ ಪಟ್ಟಿಯಲ್ಲಿ ಆರ್.ಎಕ್ಸ್. ೬೬೦೦ ಎಂಬ ಗ್ರಾಫಿಕ್ಸ್ ಕಾರ್ಡಿನ ಹೆಸರಿದೆ. ಅದು ೧೩೨ ವಾಟ್ ಬೇಡುತ್ತದೆ. ಪ್ರೊಸೆಸರು ದುಡಿಯುವಾಗ ಸುಮಾರು ೯೦. ಉಳಿದುದಕ್ಕೆಲ್ಲ ಐವತ್ತೆಂದರೂ ಮುನ್ನೂರನ್ನು ಮೀರದು. ಆದರೂ ಮಿತಿಯ ಅಂಚಿನಲ್ಲಿ ದುಡಿಸುವುದು ತರವಲ್ಲ. ೫೦೦ ಅಥವಾ ೫೫೦ ವಾಟಿನ, ಒಳ್ಳೆಯ ಹೆಸರಿನ, ‘೮೦ ಪ್ಲಸ್’ ಗುರುತಿರುವ ಪೆಟ್ಟಿಗೆಯನ್ನು ಕೊಳ್ಳಲಿ. ಮದರ್‌ಬೋರ್ಡಿನ ಸ್ಲಾಟು ಕಾರ್ಡಿಗೆ ಕೊಡಬಲ್ಲದ್ದು ೭೫ ವಾಟ್ ಮಾತ್ರ. ಮಿಕ್ಕದ್ದು ಎಂಟು ಪಿನ್ನಿನ ಪ್ರತ್ಯೇಕ ತಂತಿಯಿಂದ ಬರಬೇಕು. ಹಳೆಯ ಕ್ಯಾಬಿನೆಟ್ಟಿನೊಡನೆ ಬಂದ ಪೆಟ್ಟಿಗೆಗೆ ಆ ತಂತಿಯೇ ಇಲ್ಲದಿರಬಹುದು. ಅದನ್ನು ನಂಬಿ ಹೊಸ ಕಾರ್ಡನ್ನು ಅದಕ್ಕೊಪ್ಪಿಸುವುದು ಬೇಡ.

ಹಣದ ಹಂಚಿಕೆಯ ಬಗ್ಗೆ ಒಂದು ಮಾತು. ಆಟಕ್ಕಾಗಿಯೇ ಕಂಪ್ಯೂಟರಾದರೆ, ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಸಲ್ಲಬೇಕು. ಬಣ್ಣದ ದೀಪಗಳಿಗೂ ಗಾಜಿನ ಬಾಗಿಲಿಗೂ ಕೊಟ್ಟ ಹಣ ಆಟದ ವೇಗವನ್ನು ಕೂದಲೆಳೆಯಷ್ಟೂ ಹೆಚ್ಚಿಸದು. ಮನೆಯ ಮಾನಿಟರು ೧೯೨೦ಕ್ಕೆ ೧೦೮೦ ಚುಕ್ಕಿಗಳದಾದರೆ ಅದಕ್ಕೆ ತಕ್ಕ ಕಾರ್ಡು ಸಾಕು. ಪಟ್ಟಿ ಪೂರ್ತಿಯಾಗಿ, ಒಂದಕ್ಕೊಂದು ತಾಳೆಯಾಗುವವರೆಗೆ ಒಂದು ಭಾಗವನ್ನೂ ಕೊಳ್ಳಬಾರದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೂ, ಊರಿನ ಅಂಗಡಿಗೇ ಹೋದರೂ, ಆ ಪಟ್ಟಿಯನ್ನು ಮುಂದಿಟ್ಟು ‘ಇವೆಲ್ಲ ಕೂಡುವುವೆ?’ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ರಸೀತಿಗಳನ್ನೂ ಪೆಟ್ಟಿಗೆಗಳನ್ನೂ ಜೋಪಾನವಾಗಿಡಬೇಕು.

ಸೋದರಿ, ನಿಮ್ಮ ಮಗನ ತಪ್ಪು ಇಷ್ಟೇ: ಕೊನೆಗೆ ಕೊಳ್ಳಬಹುದೆಂದು ಅವನು ಮುಂದೂಡಿದ್ದು, ಮೊದಲ ದಿನವೇ ಬೇಕಾಗಿದ್ದ ಭಾಗ. ಎರಡು ವರ್ಷ ಪಾಠ ಹೇಳಿ ಗಳಿಸಿದ ಹಣ ಎಲ್ಲಿಯೂ ಹೋಗಿಲ್ಲ. ಕತ್ತಲೆಯಲ್ಲಿ ಕಾಯುತ್ತ ಕುಳಿತಿದೆ. ಈ ಪುಟವನ್ನು ನಿಮ್ಮ ಯಜಮಾನರ ಕೈಗೂ ಕೊಡಿ. ಎರವಲು ಕಾರ್ಡು ಬಂದ ದಿನ ಅವರೂ ಮಗನ ಪಕ್ಕದಲ್ಲಿ ಕುಳಿತು, ಸ್ಕ್ರೂ ಬಿಗಿಯುವಾಗ ಟಾರ್ಚು ಹಿಡಿಯಲಿ. ಹುಡುಗನ ಹಸಿವು ಅಂದೇ ಮರಳೀತು.