ಮೀನಗಂಡ ಎಂದರೆ ಮೀನಲ್ಲ



ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಧರ್ಮಕೇಂದ್ರದ ಅಜ್ಜಿಯೊಬ್ಬರು ಅಂಗಳದಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಮಿರಜಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೂರನೆಯ ದಿನ ನಾನು ನೋಡಲು ಹೋದಾಗ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಅವರ ಬಿ.ಪಿ. ನೋಡುತ್ತಿದ್ದಳು. ಕೇರಳದ ಹುಡುಗಿ, ಎರಡನೆಯ ವರ್ಷ.

“ಯವ್ವಾ, ಮೀನಗಂಡ ಭಾಳ ಸೆಳಿಲಾಕತ್ತೈತಿ ನೋಡ” ಎಂದರು ಅಜ್ಜಿ.

ಹುಡುಗಿಗೆ ತಿಳಿದದ್ದು ‘ಮೀನು’ ಎಂಬ ಒಂದೇ ಶಬ್ದ. ಮಲಯಾಳದಲ್ಲೂ ಮೀನು ಮೀನೇ ಅಲ್ಲವೇ? ಆಕೆ ನಗುತ್ತಾ, “ಅಭೀ ಮಛಲೀ ನಹೀ, ಅಮ್ಮಾ” ಎಂದು ಹೇಳಿ, ಚಾರ್ಟಿನಲ್ಲಿ ಬಿ.ಪಿ. ಬರೆದು ಮುಂದಿನ ಮಂಚಕ್ಕೆ ನಡೆದಳು. ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು.

ನಗದೇ ಇದ್ದವರು ಆ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರೇ. ಅವರಿಗೆ ಕನ್ನಡ ಬರುತ್ತಿತ್ತು. ಹುಡುಗಿಯನ್ನು ಹಿಂದಕ್ಕೆ ಕರೆದರು. ಗದರಲಿಲ್ಲ. ಹೊದಿಕೆ ಸರಿಸಿ ಎರಡೂ ಕಾಲುಗಳನ್ನು ನೋಡುವಂತೆ ಹೇಳಿದರು. ಒಂದು ಕಾಲಿನ ಹಿಂಭಾಗ ಊದಿಕೊಂಡು ಬಿಸಿಯಾಗಿತ್ತು. “ಇದು ಏನಿರಬಹುದು, ಹೇಳು” ಎಂದರು. ಹುಡುಗಿಯ ಮುಖ ಬಿಳಿಚಿತು. ಉತ್ತರ ಅವಳಿಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಎಲುಬಿನ ಶಸ್ತ್ರಚಿಕಿತ್ಸೆಯಾಗಿ ಮಲಗಿದವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ವೈದ್ಯರು ಬಂದರು, ತಪಾಸಣೆಯಾಯಿತು, ಔಷಧ ಶುರುವಾಯಿತು. ಅಜ್ಜಿ ಉಳಿದುಕೊಂಡರು.

ಪುಸ್ತಕದಲ್ಲಿ ಓದಿದ್ದು ಮಂಚದ ಬಳಿ ನೆನಪಿಗೆ ಬಾರದೇ ಹೋದದ್ದು ಏಕೆ? ನರ್ಸಿಂಗ್ ಶಿಕ್ಷಣವನ್ನು ಅಧ್ಯಯನ ಮಾಡುವವರು ಬಹಳ ಕಾಲದಿಂದ ಕೇಳುತ್ತಿರುವ ಪ್ರಶ್ನೆ ಇದೇ.

ಮಿರಜಿಗೆ ಈ ಪ್ರಶ್ನೆ ಹೊಸದಲ್ಲ. ಕೆನಡಾ ಮೂಲದ ಪ್ರೆಸ್ಬಿಟೇರಿಯನ್ ಮಿಷನರಿ ಡಾ. ವಿಲಿಯಂ ವಾನ್‌ಲೆಸ್ 1894ರಲ್ಲಿ ಇಲ್ಲಿ ಆಸ್ಪತ್ರೆ ಕಟ್ಟಿದರು. 1897ರಲ್ಲಿ ವೈದ್ಯಕೀಯ ಶಾಲೆ ತೆರೆದರು. ದಾದಿಯರ ತರಬೇತಿಯೂ ಆ ಆವರಣದಲ್ಲೇ ಬೆಳೆಯಿತು. ಸಾಂಗ್ಲಿ ಮತ್ತು ಮಿರಜಿನ ನಡುವಿನ ವಾನ್‌ಲೆಸ್‌ವಾಡಿ ಅವರ ಹೆಸರನ್ನು ಇಂದಿಗೂ ಹೊತ್ತಿದೆ. ಅಂದಿನ ಪದ್ಧತಿಯಲ್ಲಿ ಆಸ್ಪತ್ರೆಯೇ ಶಾಲೆ. 1860ರಲ್ಲಿ ಲಂಡನ್ನಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹಾಕಿಕೊಟ್ಟ ದಾರಿಯೂ ಇದೇ. ಹುಡುಗಿಯರ ಕೈ ಬೇಗ ಪಳಗುತ್ತಿತ್ತು, ನಿಜ. ಆದರೆ ಎಷ್ಟೋ ಕಡೆ ವಿದ್ಯಾರ್ಥಿನಿ ಎಂದರೆ ಅಗ್ಗದ ಕೆಲಸದಾಳು ಎಂದಾಯಿತು. ಆ ದಿನ ವಾರ್ಡಿಗೆ ಯಾವ ರೋಗಿ ಬಂದರೋ ಅದೇ ಪಾಠ. ತಪ್ಪಿದರೆ ನೋವು ರೋಗಿಗೆ.

ಅದಕ್ಕೇ 1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆ ಆಳೆತ್ತರದ ಗೊಂಬೆಯೊಂದನ್ನು ಮಾಡಿಸಿತು. ಮಾರ್ಥಾ ಚೇಸ್ ಎಂಬವರು ತಯಾರಿಸಿದ ಆ ಗೊಂಬೆಗೆ ‘ಮಿಸೆಸ್ ಚೇಸ್’ ಎಂದೇ ಹೆಸರಾಯಿತು. ರೋಗಿಯನ್ನು ಹೊರಳಿಸುವುದು, ಬಟ್ಟೆ ಬದಲಿಸುವುದು, ಎತ್ತಿ ಕೂರಿಸುವುದು, ಎಲ್ಲವನ್ನೂ ಮೊದಲು ಗೊಂಬೆಯ ಮೇಲೆ ಕಲಿಯಬೇಕಿತ್ತು. ಈಗಿನ ಗೊಂಬೆಗಳು ಉಸಿರಾಡುತ್ತವೆ, ಅವುಗಳ ನಾಡಿ ಮಿಡಿಯುತ್ತದೆ.

ಗೊಂಬೆಯಿಂದ ನಿಜವಾಗಿ ಕಲಿಯಲಾದೀತೇ? ಅಮೆರಿಕದ 10 ನರ್ಸಿಂಗ್ ಶಾಲೆಗಳಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2014ರಲ್ಲಿ ಬಂತು. ವಾರ್ಡಿನ ತರಬೇತಿಯ ಅರ್ಧದಷ್ಟು ಹೊತ್ತನ್ನು ಗೊಂಬೆ ಮತ್ತು ಅಣಕು ರೋಗಿಗಳೊಂದಿಗೆ ಕಳೆದವರೂ ಉಳಿದವರಷ್ಟೇ ಚೆನ್ನಾಗಿ ಕಲಿತಿದ್ದರು. ಕೆಲಸಕ್ಕೆ ಸೇರಿದ ಆರು ತಿಂಗಳ ಮೇಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಇಲ್ಲೊಂದು ಷರತ್ತಿದೆ. ತರಬೇತಾದ ಶಿಕ್ಷಕಿ ಇರಬೇಕು. ಅಭ್ಯಾಸ ಮುಗಿದ ಮೇಲೆ ಕೂತು ಮಾತಾಡಬೇಕು. ಏನು ಮಾಡಿದೆ, ಏಕೆ ಮಾಡಿದೆ, ಏನನ್ನು ಗಮನಿಸಲಿಲ್ಲ? ಕಲಿಕೆಯ ಬಹುಪಾಲು ಆ ಮಾತಿನಲ್ಲೇ ಆಗುತ್ತದೆ ಎನ್ನುತ್ತಾರೆ ಬಲ್ಲವರು. ಗೊಂಬೆ ಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಏನು ಬಂತು?

ನಮ್ಮ ಹಿರಿಯ ಸಿಸ್ಟರ್ ಮಾಡಿದ್ದೂ ಇದನ್ನೇ. ಆ ಸಂಜೆ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿದರು. ಎಲ್ಲರೆದುರು ಬೈದಿದ್ದರೆ ಆಕೆ ಒಂದನ್ನು ಮಾತ್ರ ಕಲಿಯುತ್ತಿದ್ದಳು, ತಪ್ಪನ್ನು ಮುಚ್ಚಿಡುವುದನ್ನು.

ಇದೆಲ್ಲ ಆಸ್ಪತ್ರೆಯವರ ವಿಷಯ, ನಮಗೇಕೆ ಎನ್ನಬೇಡಿ. 2014ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಯೂರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳ ಅಧ್ಯಯನವೊಂದು ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯಾದ 4 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಅದರಲ್ಲಿ ಪರಿಶೀಲಿಸಲಾಗಿತ್ತು. ಪದವಿ ಪಡೆದ ನರ್ಸುಗಳ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದಲ್ಲಿ ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಕಡಿಮೆ ಇತ್ತು. ಪ್ರತಿ ನರ್ಸಿನ ಮೇಲೆ ಒಬ್ಬ ರೋಗಿಯ ಹೊರೆ ಹೆಚ್ಚಿದ್ದಲ್ಲಿ ಅದು ಶೇ. 7ರಷ್ಟು ಹೆಚ್ಚು. ನರ್ಸಿನ ಓದಿಗೂ ರೋಗಿಯ ಉಸಿರಿಗೂ ನಂಟಿದೆ ಎಂದಾಯಿತು.

ನಮ್ಮ ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಪಾಠ ಸೇರಬೇಕು. ಕುಡಚಿ, ಉಗಾರ, ಶೇಡಬಾಳದಿಂದ ರೈಲು ಹತ್ತಿ, ಅಥಣಿ, ಜತ್ತದಿಂದ ಬಸ್ಸು ಹಿಡಿದು ಕನ್ನಡದ ರೋಗಿಗಳು ಮಿರಜಿಗೆ ಬರುತ್ತಾರೆ. ಚಾರ್ಟು ಇಂಗ್ಲಿಷಿನಲ್ಲಿ, ವಾರ್ಡಿನ ಮಾತು ಮರಾಠಿಯಲ್ಲಿ, ನೋವು ಮಾತ್ರ ಕನ್ನಡದಲ್ಲಿ. ತಿಳಿಯದಿದ್ದಾಗ ನಕ್ಕು ಮುಂದೆ ಹೋಗದೆ, “ಎಲ್ಲಿ, ಕೈಯಿಟ್ಟು ತೋರಿಸಿ” ಎಂದು ಕೇಳುವುದನ್ನೂ ಇಂಜೆಕ್ಷನ್ ಕೊಡುವಷ್ಟೇ ಶ್ರದ್ಧೆಯಿಂದ ಕಲಿಸಬೇಕು. ಮನೆಗೆ ಕಳಿಸುವಾಗ ಮಾತ್ರೆಯ ವಿವರ ಹೇಳಿ ಮುಗಿಸದೆ, ರೋಗಿಯ ಬಾಯಿಂದಲೇ ಮತ್ತೊಮ್ಮೆ ಹೇಳಿಸುವ ಕ್ರಮವೂ ಇದೆ. ಖರ್ಚಿಲ್ಲದ ವಿದ್ಯೆ ಅದು.

ಇನ್ನು ತಾಯಿ ತಂದೆಯರಿಗೆ ಒಂದು ಮಾತು. ಪಿ.ಯು.ಸಿ. ಮುಗಿಯುತ್ತಲೇ ಏಜೆಂಟರು ಮನೆ ಬಾಗಿಲಿಗೆ ಬರುತ್ತಾರೆ. ಹೊಲ ಅಡವಿಟ್ಟು ಫೀಸು ಕಟ್ಟಿದ ಮನೆಗಳನ್ನು ನಾನು ಬಲ್ಲೆ. ಕಟ್ಟುವ ಮೊದಲು ಕಾಲೇಜಿಗೆ ನೀವೇ ಹೋಗಿ. ಬಿ.ಎಸ್ಸಿ. ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಆಸ್ಪತ್ರೆ ಇರಬೇಕೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮ ಮಾಡಿತ್ತು. ಆ ಆಸ್ಪತ್ರೆ ಎಲ್ಲಿದೆ? ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೇ? ಅಭ್ಯಾಸದ ಕೋಣೆಯ ಬೀಗ ತೆರೆಯುತ್ತದೆಯೇ? ವಾರ್ಡಿನಲ್ಲಿ ಮಗಳ ಪಕ್ಕದಲ್ಲಿ ನಿಂತು ಹೇಳಿಕೊಡುವವರು ಯಾರು? ಹಳೆಯ ವಿದ್ಯಾರ್ಥಿನಿಯರನ್ನು ಕಂಡು ಮಾತಾಡಿಸಿ. ಕಟ್ಟಡದ ಚೆಂದಕ್ಕೆ ಮರುಳಾಗಬೇಡಿ.

ಅಜ್ಜಿಯನ್ನು ಮನೆಗೆ ಕರೆತರುವ ದಿನ ಮತ್ತೆ ಮಿರಜಿಗೆ ಹೋಗಿದ್ದೆ. ಆ ಹುಡುಗಿ ಮಂಚದ ಅಂಚಿನಲ್ಲಿ ಸಣ್ಣ ನೋಟುಬುಕ್ಕು ಹಿಡಿದು ನಿಂತಿದ್ದಳು. ಮಲಯಾಳ ಲಿಪಿಯಲ್ಲಿ ಕನ್ನಡ ಶಬ್ದಗಳು: ಸೊಂಟ, ಪಕ್ಕಡಿ, ಉರಿ, ಸಂಕಟ, ಮೀನಗಂಡ. ಅಜ್ಜಿ ಒಂದೊಂದನ್ನೇ ಹೇಳಿಕೊಡುತ್ತಿದ್ದರು. ಹುಡುಗಿ ತಪ್ಪು ಹೇಳಿದಾಗಲೆಲ್ಲ, “ಹಂಗಲ್ಲ ತಂಗೀ, ಮತ್ತೊಮ್ಮೆ ಅನ್ನು” ಎನ್ನುತ್ತಿದ್ದರು.