ದಂಪತಿಗಳ ಜಲವಿಹಾರ

ಸಂಸಾರದ ಆಯವ್ಯಯಗಳ ವಿಷಯವನ್ನು ಕಳೆದ ತಿಂಗಳು ಇದೇ ಪುಟದಲ್ಲಿ ಬರೆದುದಾಯಿತು. ಈ ಸಲ ವಾಚಕ ಮಹಾಶಯರೊಡನೆ ವಿಶ್ರಾಂತಿಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಇದಕ್ಕೆ ಕಾರಣವಾದುದು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಣ್ಣ ಪ್ರಸಂಗ.

ಒಂದು ಸಂಜೆ ನಾವು ಮೆಡಿಟರೇನಿಯನ್ ಸಮುದ್ರತೀರದಲ್ಲಿ ಬೇಸಗೆಯನ್ನು ಕಳೆದ ದಂಪತಿಗಳಿಬ್ಬರ ಪ್ರವಾಸಕಥನವನ್ನು ಗಟ್ಟಿಯಾಗಿ ಓದುತ್ತಿದ್ದೆವು. ಆ ಸಮುದ್ರದಲ್ಲಿ ಉಬ್ಬರವಿಳಿತಗಳು ಅತ್ಯಲ್ಪ. ಜೂನ್ ತಿಂಗಳಿನಿಂದ ಆಗಸ್ಟಿನವರೆಗೆ ಮಳೆಯೂ ವಿರಳ. ಆದಕಾರಣ ಅಲ್ಲಿನವರು ಸಣ್ಣ ಹಾಯಿದೋಣಿಯೊಂದರಲ್ಲಿ ಹಗಲು ಕರೆಯ ಉದ್ದಕ್ಕೂ ಸಾಗಿ, ರಾತ್ರಿ ಯಾವುದಾದರೊಂದು ರೇವಿನಲ್ಲಿ ತಂಗಿ, ವಾರಗಟ್ಟಲೆ ನಿಧಾನವಾಗಿ ಸಂಚರಿಸುವರಂತೆ. ಹುರುಳಿಕಾಯಿ ಬಿಡಿಸುತ್ತ ಕುಳಿತು ಕೇಳುತ್ತಿದ್ದ ನಮ್ಮ ಗೃಹಿಣಿಯು ಮೊರವನ್ನು ಪಕ್ಕಕ್ಕಿಟ್ಟು, “ನಮಗೆ ಮದುವೆಯಾಗಿ ಮೂವತ್ತೆರಡು ವರ್ಷವಾಯಿತು. ಮದುವೆ, ನಾಮಕರಣ, ಹರಕೆ, ಆಸ್ಪತ್ರೆ ಇವುಗಳ ನೆವವಿಲ್ಲದೆ ನೀವು ನನ್ನನ್ನು ಎಲ್ಲಿಗಾದರೂ ಕರೆದುಕೊಂಡು ಹೋದದ್ದುಂಟೆ?” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಸಮುದ್ರವು ದೂರ, ಹೊಳೆಯಾದರೋ ಹತ್ತಿರವಿದೆ. ಮುಂದಿನ ವಾರವೇ ಮೂರು ದಿನಗಳ ಬಿಡುವು ಮಾಡಿಕೊಂಡು ನಂಜನಗೂಡಿಗೆ ಹೊರಟೆವು.

ಯೂರೋಪಿನವರಂತೆ ಊರಿನಿಂದ ಊರಿಗೆ ನೀರಿನ ಮೇಲೆಯೇ ಹೋಗುವ ಅನುಕೂಲವು ನಮ್ಮ ಕಪಿಲೆಯಲ್ಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ಬೇಸಗೆಯಲ್ಲಿ ಬಂಡೆಯೂ ಮರಳೂ ಎದ್ದು ಕಾಣುವುವು. ಮಳೆಗಾಲದ ಪ್ರವಾಹದಲ್ಲಿ ವಿಹಾರದ ಮಾತೇ ಸಲ್ಲದು. ಆದುದರಿಂದ ದಾರಿಯನ್ನು ಬಸ್ಸಿನಲ್ಲಿ ಕ್ರಮಿಸುವುದು, ನೀರು ಕಂಡಲ್ಲಿ ಇಳಿದು ಕುಳಿತುಕೊಳ್ಳುವುದು, ಹರಿಗೋಲು ದೊರೆತಲ್ಲಿ ಏರುವುದು ಎಂದು ಗೊತ್ತುಮಾಡಿಕೊಂಡೆವು.

ಮೊದಲನೆಯ ದಿನ ನಂಜನಗೂಡಿನಲ್ಲಿ ಕಳೆಯಿತು. ಶ್ರೀಕಂಠೇಶ್ವರನ ದರ್ಶನವಾದ ಮೇಲೆ ಎಂದಿನಂತೆ ಹಿಂದಿರುಗುವ ಆತುರವಿಲ್ಲದಿದ್ದುದರಿಂದ ಸೋಪಾನದ ಮೇಲೆ ಸಂಜೆಯವರೆಗೂ ಕುಳಿತೆವು. ದಳವಾಯಿ ದೇವರಾಜಯ್ಯನವರು 1735 ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯನ್ನು ರೈಲಿನ ಕಿಟಕಿಯಿಂದ ಎಷ್ಟೋ ಸಲ ದಾಟಿದ್ದೆವು. ಅದರ ಕಮಾನುಗಳ ನೆರಳು ನೀರಿನಲ್ಲಿ ಹೇಗೆ ಬೀಳುವುದೆಂಬುದನ್ನು ನೋಡಿದುದು ಅಂದೇ. ಈ ಹೊಳೆಯು ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974 ರಲ್ಲಿ ಮುಗಿದ ಅಣೆಕಟ್ಟನ್ನು ದಾಟಿ ಇಲ್ಲಿಗೆ ಬರುತ್ತದೆ. ಮೇಲೆ ಬಾಗಿಲು ತೆರೆದರೆ ಇಲ್ಲಿ ನೀರೇರುವುದು. ಬೇಸಗೆಯ ಶಾಂತವಾದ ಹೊಳೆಯನ್ನು ನಂಬಿ ನೀರಿಗಿಳಿಯುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಎರಡನೆಯ ದಿನ ಕಪಿಲೆಯ ದಂಡೆಯ ಸುತ್ತೂರಿನಲ್ಲಿ ಸ್ವಲ್ಪ ಹೊತ್ತು ನಿಂತು ತಿರುಮಕೂಡಲು ನರಸೀಪುರವನ್ನು ಸೇರಿದೆವು. ಕಪಿಲೆಯೂ ಕಾವೇರಿಯೂ ಕೂಡುವ ಈ ಸ್ಥಳದಲ್ಲಿ ಸ್ಫಟಿಕ ಸರೋವರವೆಂಬ ಮೂರನೆಯ ತೀರ್ಥವು ಗುಪ್ತವಾಗಿ ಸೇರುವುದೆಂದು ನಂಬಿಕೆ. 1989 ರಿಂದೀಚೆಗೆ ಇಲ್ಲಿ ಕುಂಭಮೇಳವು ನಡೆಯುತ್ತ ಬಂದಿದೆ. 2025 ರ ಫೆಬ್ರವರಿಯಲ್ಲಿಯೂ ಮೂರು ದಿನ ನಡೆಯಿತು. ಗುಂಜಾನರಸಿಂಹಸ್ವಾಮಿಯು ಕೈಬೆರಳುಗಳ ನಡುವೆ ಗುಲಗಂಜಿಯನ್ನು ಹಿಡಿದು, ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕದಷ್ಟು ಹೆಚ್ಚಿನದೆಂದು ತೋರಿಸುತ್ತಾನೆಂಬುದು ಪ್ರತೀತಿ. ಜಾತ್ರೆಯಿಲ್ಲದ ದಿನವಾದುದರಿಂದ ಸಂಗಮದಲ್ಲಿ ಜನವಿರಲಿಲ್ಲ. ತಂದಿದ್ದ ಮೊಸರನ್ನವನ್ನೂ ನಂಜನಗೂಡಿನ ರಸಬಾಳೆಯನ್ನೂ ಅಲ್ಲಿಯೇ ತಿಂದೆವು.

ಮೂರನೆಯ ದಿನ ತಲಕಾಡಿನಲ್ಲಿ ನಮಗೆ ಹರಿಗೋಲು ದೊರೆಯಿತು. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ಕಿನ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುವರು. 1520 ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ದೊಮಿಂಗೊ ಪಾಯೆಸನು ಬುಟ್ಟಿಯಂತೆ ದುಂಡಾದ ಇಂತಹ ದೋಣಿಗಳನ್ನೇ ವರ್ಣಿಸಿದ್ದಾನೆ. ಇದಕ್ಕೆ ಮುಂದಿಲ್ಲ, ಹಿಂದಿಲ್ಲ. ಹಾಯಿ ಮೊದಲೇ ಇಲ್ಲ. ಅಂಬಿಗನು ಒಂದೇ ಹುಟ್ಟಿನಿಂದ ಮುಂದಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಸಾಗಿಸಬೇಕು.

ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಎಂದು ಅಲಮೇಲಮ್ಮನು ಶಪಿಸಿದ ಕಥೆಯನ್ನು ಅರಿಯದ ಮೈಸೂರಿನವರಿಲ್ಲ. ಮಾಧವಮಂತ್ರಿಯ ಕಟ್ಟೆಯಾದ ಬಳಿಕ ಬಯಲಾದ ಹೊಳೆಯ ಮರಳು ಗಾಳಿಗೆ ಹಾರಿ ಊರನ್ನು ಮುಚ್ಚಿತೆಂಬುದು ವಿದ್ವಾಂಸರು ಹೇಳಿರುವ ಕಾರಣ. ಮರಳನ್ನು ನೋಡಿದುದಾಗಿತ್ತು, ಇನ್ನು ಎದುರುದಡದ ಮಾಲಂಗಿಯ ಮಡುವನ್ನೂ ನೋಡಬೇಕೆಂದು ನಮಗೆ ಹಟ ಹುಟ್ಟಿತು.

ಅಂಬಿಗನು ಹುಟ್ಟನ್ನು ತಡೆದು, “ಅತ್ತ ಬ್ಯಾಡ ಬುದ್ಧಿ. ಮೇಲೆ ಕಂಡಂಗೆ ಅಡೀಲಿ ಇರಾಕಿಲ್ಲ ನೀರು” ಎಂದನು. ನಾವು ಹೆಚ್ಚಿನ ಹಣವನ್ನು ಕೊಡುವೆವೆಂದೆವು. “ಹಣ ಕೊಟ್ಟರೆ ಹೊಳೆಯ ಆಳ ಕಡಮೆಯಾಗುವುದೆ? ಅವನ ಮಾತು ಕೇಳಿ” ಎಂದು ಗೃಹಿಣಿಯು ಹೇಳಿದಳು. ನಮಗೆ ಅಸಮಾಧಾನವಾಯಿತು. ಇಷ್ಟೇ ದೂರವಲ್ಲವೆ ಎಂದು ತೋರಿಸುವುದಕ್ಕಾಗಿ ಅರ್ಧ ಎದ್ದು ಕೈ ಚಾಚಿದೆವು. ಒಡನೆಯೇ ಹರಿಗೋಲು ಒಂದು ಕಡೆಗೆ ವಾಲಿ, ಅಂಚಿನ ಮೇಲಿನಿಂದ ನೀರು ಒಳನುಗ್ಗಿತು. ಸೆಕೆಯೆಂದು ಲೈಫ್ ಜಾಕೆಟ್ಟನ್ನು ಕಳಚಿ ನಾವು ಕಾಲಬಳಿ ಇಟ್ಟಿದ್ದೆವು. ನಮಗೆ ಈಜು ಬಾರದು. ಗೃಹಿಣಿಯು ನಮ್ಮ ಮಣಿಕಟ್ಟನ್ನು ಹಿಡಿದು ಕೆಳಗೆಳೆದು ಕೂರಿಸಿ, ತಾನು ಎದುರು ಬದಿಗೆ ಸರಿದು ಭಾರವನ್ನು ಸಮಮಾಡಿದಳು. “ನಡುವೆ ಕುಳಿತುಕೊಳ್ಳಿ, ಅಲುಗಾಡಬೇಡಿ” ಎಂದ ಆಕೆಯ ಧ್ವನಿಯಲ್ಲಿ ಭಯವಿರಲಿಲ್ಲ. ಹರಿಗೋಲು ನೆಟ್ಟಗಾಯಿತು. ಅಂಬಿಗನು ಮಾತಾಡದೆ ದಡದ ಕಡೆಗೆ ಹುಟ್ಟು ಹಾಕಿದನು.

ಎದೆಬಡಿತವು ನಿಂತ ಮೇಲೆ, ಇದನ್ನೆಲ್ಲ ಎಲ್ಲಿ ಕಲಿತೆಯೆಂದು ಕೇಳಿದೆವು. ಆಕೆಯ ತವರು ಕಾವೇರಿಯ ದಂಡೆಯ ಒಂದು ಹಳ್ಳಿಯೆಂಬುದು ನಮಗೆ ತಿಳಿದಿತ್ತು, ಮಿಕ್ಕುದು ತಿಳಿದಿರಲಿಲ್ಲ. ಚಿಕ್ಕಂದಿನಲ್ಲಿ ದಿನವೂ ಹರಿಗೋಲಿನಲ್ಲಿ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದಳಂತೆ. ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತಿದ್ದಳಂತೆ. ಒಂದು ಮಳೆಗಾಲದಲ್ಲಿ ಯಾರೋ ಒಬ್ಬರು ನಡುಹೊಳೆಯಲ್ಲಿ ಎದ್ದು ನಿಂತುದರಿಂದ ಹರಿಗೋಲು ಮಗುಚಿತು. ಈಕೆಯು ಈಜಿ ದಡ ಸೇರಿದಳು, ಪಕ್ಕದಲ್ಲಿ ಕುಳಿತಿದ್ದ ಗೆಳತಿಯು ಸೇರಲಿಲ್ಲ. ಅಂದಿನಿಂದ ಆಕೆಯು ಹರಿಗೋಲನ್ನು ಏರಿರಲಿಲ್ಲ.

“ಇಷ್ಟು ವರ್ಷವೂ ಹೇಳಲಿಲ್ಲವಲ್ಲ!” ಎಂದೆವು.

“ನೀವು ಕೇಳಲಿಲ್ಲ. ಮನೆಗೆಲಸದ ನಡುವೆ ಹೇಳುವ ಮಾತೇ ಅದು?” ಎಂದಳು.

ದಡದ ಬಳಿಯ ಮೊಣಕಾಲುದ್ದದ ನೀರಿನಲ್ಲಿ ಆಕೆಯು ಅಂಬಿಗನಿಂದ ಹುಟ್ಟನ್ನು ಕೇಳಿ ಪಡೆದಳು. ನಲವತ್ತು ವರ್ಷಗಳ ಮೇಲೂ ಕೈ ಮರೆತಿರಲಿಲ್ಲ; ಹರಿಗೋಲು ನೆಟ್ಟಗೆ ಸಾಗಿತು. ಬಳಿಕ ನಾವು ಹಿಡಿದೆವು. ಅದು ಬುಗುರಿಯಂತೆ ಸುತ್ತತೊಡಗಿತು. ಅಂಬಿಗನು, “ಅಮ್ಮಾವ್ರೇ ಹಾಕ್ಲಿ ಬುಡಿ ಬುದ್ಧಿ” ಎಂದು ನಕ್ಕನು. ನಾವೂ ನಕ್ಕು ಹುಟ್ಟನ್ನು ಹಿಂದಕ್ಕೆ ಕೊಟ್ಟೆವು.

ಇಂತಹ ವಿಹಾರಕ್ಕೆ ಹೊರಡುವ ಗೃಹಸ್ಥರಿಗೆ ನಮ್ಮ ತಪ್ಪಿನಿಂದ ಕಲಿತ ನಾಲ್ಕು ಸೂಚನೆಗಳನ್ನು ಕೊಡುವೆವು. ಬೆಳಗಿನ ಹೊತ್ತಿನಲ್ಲಿ, ಗಾಳಿಯಿಲ್ಲದಾಗ ನೀರಿಗಿಳಿಯಿರಿ. ಲೈಫ್ ಜಾಕೆಟ್ಟನ್ನು ದಡ ಮುಟ್ಟುವವರೆಗೂ ಕಳಚಬೇಡಿರಿ. ಹರಿಗೋಲಿನಲ್ಲಿ ಯಾವ ಕಾರಣಕ್ಕೂ ಎದ್ದು ನಿಲ್ಲಬೇಡಿರಿ. ಅಂಬಿಗನು ಬೇಡವೆಂದ ಕಡೆಗೆ ಹಣದ ಆಸೆ ತೋರಿಸಿ ಒಯ್ಯಿಸಿಕೊಳ್ಳಬೇಡಿರಿ.

ಐದನೆಯದು ಸೂಚನೆಯಲ್ಲ, ವಿಜ್ಞಾಪನೆ. ಖರ್ಚು ಹೆಚ್ಚೇನೂ ಆಗಲಿಲ್ಲ: ಬಸ್ಸಿನ ಟಿಕೆಟ್ಟು, ಎರಡು ರಾತ್ರಿಯ ಕೊಠಡಿಯ ಬಾಡಿಗೆ, ಹರಿಗೋಲಿನ ಕೂಲಿ, ಇಷ್ಟೇ. ಇಷ್ಟಕ್ಕೆ ಮೂವತ್ತೆರಡು ವರ್ಷ ತಡಮಾಡಿದೆವು. ಕಾರ್ಯನಿಮಿತ್ತವಾದ ಪ್ರಯಾಣದಲ್ಲಿ ಗಂಡಹೆಂಡಿರಿಗೆ ಕಾರ್ಯದ ಮಾತೇ ಆಗುವುದು. ಕಾರ್ಯವಿಲ್ಲದ ಪ್ರಯಾಣದಲ್ಲಿಯೇ ಉಳಿದ ಮಾತುಗಳಿಗೆ ಎಡೆಯುಂಟು. ವಾಚಕರು ನಮ್ಮಷ್ಟು ತಡಮಾಡದಿರಲೆಂದು ಕೋರಿ, ಈ ತಿಂಗಳ ಮಾತನ್ನು ಮುಗಿಸುವೆವು.